ಏನೋ ತೆಗೆದುಹಾಕಿದವಳು

ಮೂವತ್ತೆರಡು ವರ್ಷ ಒಂದೇ ಮೇಜಿನ ಹಿಂದೆ ಕೂತವರನ್ನು ಕಂಡರೆ ಮೇಜಿಗೇ ಕನಿಕರ ಬರಬೇಕು. ಪ್ರೆಸ್ಸಿನ ಒಳಕೋಣೆಯಲ್ಲಿ, ಕಿಟಕಿಗೆ ಓರೆಯಾಗಿ ಹಾಕಿದ ಅಂಥದೊಂದು ಮೇಜಿನ ಹಿಂದೆ ಕೂತು ಕರಡು ತಿದ್ದುತ್ತಿದ್ದ ಹೆಂಗಸಿಗೆ ಅಲ್ಲಿನವರು ಕತ್ತರಿಯಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಕತ್ತರಿಯಮ್ಮ. ಅದು ಅವಳ ಕಿವಿಗೂ ಬಿದ್ದಿತ್ತು. ಬೇಜಾರಾಗುವ ಬದಲು ಒಳಗೊಳಗೇ ಹಿಗ್ಗಿದಳು ಎಂದರೆ ನೀವು ನಂಬಬೇಕು. ಐವತ್ತೈದರ ಒಂಟಿ ಹೆಂಗಸಿಗೆ ಒಂದು ಅಡ್ಡಹೆಸರು ಇಡಬೇಕೆಂದು ನಾಲ್ಕು ಜನಕ್ಕೆ ಅನಿಸಿತಲ್ಲ, ಅಷ್ಟೇ ಸಮಾಧಾನ.

ಅವಳ ಕತ್ತರಿಗೆ ಎಲ್ಲಕ್ಕಿಂತ ಮೊದಲು ಸಿಕ್ಕುತ್ತಿದ್ದ ಪದ ‘ಏನೋ’. ಬಂದನೋ ಏನೋ, ಇತ್ತೋ ಏನೋ, ಹಾಗೇ ಏನೋ. ಈ ಪದ ಕಂಡರೆ ಅವಳ ಮುಖ ಗಂಟಿಕ್ಕುತ್ತಿತ್ತು. ಆ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದುದು ಹೊಲಿಗೆ ಯಂತ್ರದ ಕೈಪಿಡಿ, ದಾದಿಯರ ಪಠ್ಯಪುಸ್ತಕ, ಕಾನೂನು ಗೈಡು, ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿ. ಈ ಮಾತ್ರೆಯಿಂದ ಜ್ವರ ಇಳಿಯುತ್ತದೋ ಏನೋ ಎಂದು ಅಚ್ಚು ಹಾಕಿದರೆ ರೋಗಿಯ ಗತಿ ಏನಾಗಬೇಕು? ಹೌದಾದರೆ ಹೌದು ಅನ್ನಿ, ಇಲ್ಲವಾದರೆ ಇಲ್ಲ ಅನ್ನಿ ಎಂದು ಲೇಖಕರಿಗೆ ಫೋನಿನಲ್ಲಿ ಹೇಳುತ್ತಿದ್ದಳು. ದೊಡ್ಡ ದೊಡ್ಡ ಡಾಕ್ಟರುಗಳು ಅವಳ ಮುಂದೆ ಬಾಯಿ ಮುಚ್ಚಿಕೊಂಡು ಏನೋಗಳನ್ನು ಬಿಟ್ಟುಕೊಟ್ಟಿದ್ದಾರೆ.

ಸಂಜೆ ಐದೂವರೆಗೆ ಕನ್ನಡಕ ಒರೆಸಿ ಡಬ್ಬಿಗೆ ಹಾಕಿ ಹೊರಟರೆ ಹದಿನೇಳು ನಿಮಿಷಕ್ಕೆ ಅವಳ ಕೋಣೆ. ಎರಡನೇ ಮಹಡಿ. ಒಂದು ಮಂಚ, ಒಂದು ಕುರ್ಚಿ, ಒಂದು ಬಟ್ಟಲು. ಯಾರಾದರೂ ಬಂದರೆ ಇರಲಿ ಎಂದು ಎರಡನೇ ಬಟ್ಟಲೊಂದನ್ನು ಯಾವತ್ತೋ ತಂದಿದ್ದಳು. ಈಗ ಅದರಲ್ಲಿ ಉಪ್ಪಿತ್ತು. ಪಕ್ಕದ ಕೋಣೆಯವರ ರೇಡಿಯೋ ಗೋಡೆಯಿಂದ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ಅದು ನಿಂತ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ವಾರಕ್ಕೊಂದು ಭಾನುವಾರ ಮಾತ್ರ ಅವಳಿಗೆ ಮನುಷ್ಯರ ದಿನ. ಬೆಳಿಗ್ಗೆ ಹತ್ತಕ್ಕೆ ಅತ್ತಿಗೆಯ ಮನೆ. ಅತ್ತಿಗೆ ಅರವತ್ತರ ಗಟ್ಟಿ ಹೆಂಗಸು, ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಹಳೇ ಹೊಲಿಗೆ ಯಂತ್ರ ಇಟ್ಟುಕೊಂಡು ಜನರ ಪ್ಯಾಂಟು ಮೋಟು ಮಾಡುವುದು, ಬಿಗಿಯಾದ ರವಿಕೆ ಬಿಚ್ಚಿ ಹೊಲಿಯುವುದು ಮಾಡುತ್ತಿದ್ದಳು. ಇಬ್ಬರೂ ಒಟ್ಟಿಗೆ ಅಡುಗೆ ಮಾಡಿ ಉಣ್ಣುತ್ತಿದ್ದರು. ಊಟವಾದ ಮೇಲೆ ಒಬ್ಬಳು ಗುಂಡಿ ಹಚ್ಚುವುದು, ಒಬ್ಬಳು ಸೂಜಿಗೆ ದಾರ ಪೋಣಿಸಿ ಕೊಡುವುದು. ಆಗ ಮಾತು ಬಂದೇ ಬರುತ್ತಿತ್ತು ಅಣ್ಣನ ಮೇಲೆ. ನಿಮ್ಮಣ್ಣ ಹೀಗಂತಿದ್ರು, ನಿಮ್ಮಣ್ಣನಿಗೆ ಈ ಬಣ್ಣ ಆಗ್ತಿರ್ಲಿಲ್ಲ. ಎಲ್ಲ ಮುಗಿದ ಕಾಲದ ಕ್ರಿಯಾಪದ. ಅತ್ತಿಗೆಯ ದನಿಯಲ್ಲಿ ಅಳು ಎಂದೋ ಒಣಗಿತ್ತು. ಹೇಳಿಕೊಂಡು ನಗುವಷ್ಟು ಹಗುರಾಗಿತ್ತು.

ಅಣ್ಣ ತಕ್ಕಡಿ ರಿಪೇರಿ ಮಾಡುವವನು. ಚೀಲದಲ್ಲಿ ಸುತ್ತಿಗೆ, ಅರ, ತೂಕದ ಕಲ್ಲು ತುಂಬಿಕೊಂಡು ಊರೂರು ಸುತ್ತಿ ಅಂಗಡಿಗಳ ತಕ್ಕಡಿ ಸರಿ ಮಾಡಿ ಬರುತ್ತಿದ್ದ. ತಂಗಿಗಿಂತ ಹನ್ನೊಂದು ವರ್ಷ ದೊಡ್ಡವನು. ಮೂವತ್ತೇಳನೇ ವಯಸ್ಸಿನಲ್ಲಿ ಹೀಗೇ ಹೋದವನು ಹೇಳಿದ ದಿನಕ್ಕೆ ಬರಲಿಲ್ಲ. ನಲವತ್ತು ದಿನ ಕಳೆದ ಮೇಲೆ, ದೂರದ ಒಂದು ಊರಿನ ಅಣೆಕಟ್ಟಿನ ಕೆಳಗೆ ಒಂದು ಹೆಣ ಸಿಕ್ಕಿದೆ, ಬಂದು ಗುರುತಿಸಿ ಎಂದು ಪೊಲೀಸರಿಂದ ಸುದ್ದಿ ಬಂತು. ಅಮ್ಮ ಹಾಸಿಗೆ ಹಿಡಿದಿದ್ದಳು. ಅತ್ತಿಗೆ ಬಾಗಿಲ ಬಳಿ ನಿಂತು, "ನೀನು ಹೋಗಿ ಬಾ. ನೀನು ಏನು ಹೇಳ್ತೀಯೋ ಅದು" ಎಂದಿದ್ದಳು. ಹೋದದ್ದು ಇಪ್ಪತ್ತಾರರ ಈ ತಂಗಿ. ಬಂದು ಹೇಳಿದಳು: ಹೌದು, ಅಣ್ಣನೇ.

ಮನೆಯವರಿಗೆ ಗೊತ್ತಿದ್ದುದು ಇಷ್ಟು. ಗೊತ್ತಿಲ್ಲದ್ದು ಅವಳೊಬ್ಬಳ ಹೊಟ್ಟೆಯಲ್ಲಿತ್ತು.

ಆಸ್ಪತ್ರೆಯ ಹಿಂಭಾಗದ ಕೋಣೆ ಅದು, ಮಧ್ಯಾಹ್ನ. ಬಿಳಿ ಬಟ್ಟೆ ಸರಿಸಿದರು. ನೀರಲ್ಲಿ ಬಹಳ ದಿನ ಇದ್ದ ದೇಹ. ಮುಖ ಮುಖವಾಗಿರಲಿಲ್ಲ. ಎತ್ತರ ಅಣ್ಣನದೇ, ಅಥವಾ ಒಂದು ಬೆರಳು ಹೆಚ್ಚು. ನೀಲಿ ಚೌಕಳಿ ಅಂಗಿ ಅಣ್ಣನಿಗೂ ಇತ್ತು, ಆ ವರ್ಷ ಊರಿನ ಅರ್ಧ ಗಂಡಸರಿಗೂ ಇತ್ತು. ಅಣ್ಣನ ಎಡಗೈ ಕಿರುಬೆರಳಿನ ಉಗುರು ತೂಕದ ಕಲ್ಲು ಬಿದ್ದು ಜಜ್ಜಿಹೋಗಿತ್ತು. ಇಲ್ಲಿ ಯಾವ ಬೆರಳಿಗೂ ಉಗುರೇ ಇರಲಿಲ್ಲ. ಅಣ್ಣನೋ ಏನೋ. ಅವಳ ಮನಸ್ಸಿನಲ್ಲಿ ಆಗ ಹುಟ್ಟಿದ್ದು ಈ ಎರಡು ಪದ, ಬೇರೇನೂ ಅಲ್ಲ. ಗುಮಾಸ್ತ ಮುಂದೆ ತಂದಿಟ್ಟ ಪುಸ್ತಕದಲ್ಲಿ ಎರಡೇ ಕಾಲಂ: ಗುರುತಿಸಲಾಗಿದೆ, ಗುರುತಿಸಲಾಗಿಲ್ಲ. "ಬೇಗ ಹೇಳಮ್ಮ, ಹೌದೋ ಅಲ್ವೋ?" ಎಂದ. ಅವಳು ಪ್ರೆಸ್ಸು ಸೇರಿ ಮೂರು ವರ್ಷವಾಗಿತ್ತು, ವಾಕ್ಯವನ್ನು ಅರ್ಧಕ್ಕೆ ಬಿಡುವುದು ಆಗಲೇ ಮರೆತಿತ್ತು. ಮನೆಯಲ್ಲಿ ಅನ್ನ ನೀರು ಬಿಟ್ಟ ಅಮ್ಮ, ಬಾಗಿಲಲ್ಲಿ ಕಣ್ಣು ನೆಟ್ಟ ಅತ್ತಿಗೆ. ಏನೋ ಎಂಬುದನ್ನು ನುಂಗಿ ಹೌದು ಎಂದಳು. ನುಂಗಿದ್ದು ಕರಗಲಿಲ್ಲ. ಇಪ್ಪತ್ತೊಂಬತ್ತು ವರ್ಷ.

ಅಮ್ಮ ಆಮೇಲೆ ಆರು ವರ್ಷ ಬದುಕಿ ಶಾಂತವಾಗಿ ಹೋದಳು. ಅತ್ತಿಗೆ ಅಳುವಷ್ಟು ಅತ್ತು ಎದ್ದು ನಿಂತಳು. ಬಸ್ಸಿನಲ್ಲಿ ಯಾರೋ ನರೆತ ಗಂಡಸು ಬೆನ್ನು ತಿರುಗಿಸಿ ಕೂತಿದ್ದರೆ ಮುಂದಿನ ಸೀಟಿನವರೆಗೆ ಹೋಗಿ ತಿರುಗಿ ಮುಖ ನೋಡಿ ಬರುವವಳು ಕತ್ತರಿಯಮ್ಮ ಒಬ್ಬಳೇ. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ಇದ್ದ ಒಂದು ಭಾನುವಾರವೂ ಹೋಗಬಹುದು. ಅತ್ತಿಗೆ ಬಿಟ್ಟರೆ ಅವಳಿಗೆ ಭೂಮಿ ಮೇಲೆ ಇನ್ನಾರೂ ಇಲ್ಲ. ಹೀಗಾಗಿ ಬಾಯಿಗೆ ಬೀಗ.

ಹೀಗಿರುವಾಗ ಪ್ರೆಸ್ಸಿಗೆ ಒಂದು ವಿಚಿತ್ರ ಪುಸ್ತಕ ಬಂತು. ಬರೆದವರು ನಿವೃತ್ತ ಮೇಷ್ಟ್ರು, ಎಪ್ಪತ್ತೆಂಟು ವರ್ಷ, ಕೈಬರಹದ ನಾನೂರು ಹಾಳೆ. ಕಥೆಗಳ ಬಗೆಯೊಂದನ್ನು ಕುರಿತ ಶಾಸ್ತ್ರಗ್ರಂಥವಂತೆ. ಪ್ರೆಸ್ಸಿನ ಯಜಮಾನರು, ಮೇಷ್ಟ್ರು ತಮ್ಮ ಗುರುಗಳು ಎಂಬ ಮುಲಾಜಿಗೆ ಒಪ್ಪಿಕೊಂಡು, ತಾವು ಒಂದು ಸಾಲೂ ಓದದೆ, ಬೇಗ ಮುಗಿಸಿ ಎಂದು ಕೈ ತೊಳೆದುಕೊಂಡರು. ಟೈಪಾಗಿ ಬಂದ ಮೊದಲ ಹನ್ನೊಂದು ಪುಟದಲ್ಲೇ ಕತ್ತರಿಯಮ್ಮನಿಗೆ ಹತ್ತೊಂಬತ್ತು ಏನೋ ಸಿಕ್ಕವು. ಮುದುಕರಿಗೆ ಬರವಣಿಗೆಯ ಶಿಸ್ತೇ ಇಲ್ಲವಲ್ಲ ಎಂದು ಮೂಗು ಮುರಿದಳು. ಕೈ ನೋಯುತ್ತಿತ್ತು. ಮೊದಲ ಪುಟದ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಬರೆದಳು: ‘ಏನೋ — ಎಲ್ಲ ಕಡೆ ತೆಗೆಯುವುದು.’

ಕಂಪ್ಯೂಟರಿನ ಮುಂದೆ ಕೂರುವ ಡಿಟಿಪಿಯವನು ಹೇಳಿದಷ್ಟು ಮಾಡುವ ಮನುಷ್ಯ, ಒಂದಿಂಚು ಆಚೆ ಈಚೆ ಇಲ್ಲ. ಹುಡುಕು, ಅಳಿಸು ಎಂದು ಒಂದೇ ಏಟಿಗೆ ಇಡೀ ಪುಸ್ತಕದ ಏನೋಗಳನ್ನೆಲ್ಲ ಗುಡಿಸಿ ಹಾಕಿದ, ಹಳೆಯದರ ಪ್ರತಿಯನ್ನೂ ಉಳಿಸಲಿಲ್ಲ. ಎರಡನೇ ಕರಡಿನಲ್ಲಿ ‘ಬಂದನೋ’, ‘ಕಂಡಿತೋ’ ಎಂದು ಬಾಲ ಕತ್ತರಿಸಿದ ಪದಗಳು ಜೋತಾಡುತ್ತಿದ್ದವು. ಕತ್ತರಿಯಮ್ಮ ಅವನ್ನೂ ಬಿಡದೆ ‘ಬಂದನು’, ‘ಕಂಡಿತು’ ಎಂದು ನೆಟ್ಟಗೆ ಮಾಡಿದಳು. ಒಂದು ಕಡೆ ಯಾವುದೋ ಪಾತ್ರ ‘ಪ್ಪಾ’ ಎಂದು ಸುಮ್ಮನಾಗಿತ್ತು. ಅದು ‘ಏನೋಪ್ಪಾ’ ಆಗಿತ್ತೆಂದು ಅವಳಿಗೆ ಹೊಳೆಯದೆ ‘ಅಪ್ಪಾ’ ಎಂದು ತಿದ್ದಿದಳು. ಮೂರನೇ ಅಧ್ಯಾಯದ ಹೆಸರು ‘‘ ’ ಎಂಬ ಪದದ ಜೀವ’ ಎಂದಿತ್ತು. ಉದ್ಧರಣ ಚಿಹ್ನೆಯ ಮಧ್ಯೆ ಖಾಲಿ. ಅಂಚಿನಲ್ಲಿ ನಯವಾಗಿ ಬರೆದಳು: ‘ಇಲ್ಲಿ ಒಂದು ಪದ ಬಿಟ್ಟುಹೋಗಿದೆ. ಲೇಖಕರು ಗಮನಿಸುವುದು.’

ಲೇಖಕರು ಗಮನಿಸಿದರು. ಮರುದಿನವೇ ಕೊಡೆ ಊರಿಕೊಂಡು ಬಂದು, ಅವಳ ಮೇಜಿನ ಮೇಲೆ ಕರಡಿನ ಕಟ್ಟು ಇಟ್ಟು, ಕುರ್ಚಿ ಎಳೆದುಕೊಂಡು ಕೂತರು. ರೇಗಲಿಲ್ಲ, ರೇಗಿದ್ದರೆ ಚೆನ್ನಾಗಿತ್ತು.

"ತಾಯಿ, ನಲವತ್ತು ವರ್ಷ ನಾನು ಹಿಂದೆ ಬಿದ್ದದ್ದು ಒಂದೇ ಪದದ ಹಿಂದೆ. ನೀವು ಅದೊಂದನ್ನ ತೆಗೆದು, ಬಾಕಿ ಎಲ್ಲಾನೂ ತಪ್ಪಿಲ್ಲದೆ ಅಚ್ಚುಕಟ್ಟಾಗಿ ಇಟ್ಟಿದ್ದೀರಿ."

ಕತ್ತರಿಯಮ್ಮ ಕರಡಿನ ಕಟ್ಟು ತನ್ನತ್ತ ಎಳೆದುಕೊಂಡಳು. ಕೈಬರಹ ತರಿಸಿ, ಒಂದೊಂದಾಗಿ ನೋಡಿ ಸೇರಿಸಿಬಿಡುತ್ತೇನೆ ಎಂದಳು. ಡಿಟಿಪಿಯವನು ಕಿವಿ ಹಿಂದೆ ಕೆರೆದುಕೊಂಡ. ಟೈಪು ಮಾಡಿ ಮುಗಿದ ಕೈಬರಹದ ಹಾಳೆಗಳು ಪುಸ್ತಕದ ಬಂಡಲು ಸುತ್ತಲು ಹೋಗುವುದು ಆ ಪ್ರೆಸ್ಸಿನ ವಾಡಿಕೆ. ಮೇಷ್ಟ್ರ ನಾನೂರು ಹಾಳೆ ದಾದಿಯರ ಪಠ್ಯಪುಸ್ತಕಕ್ಕೆ ಅಂಗಿಯಾಗಿ ಊರು ಬಿಟ್ಟು ಹೋಗಿತ್ತು.

ಕೊನೆಗೆ ಮೇಷ್ಟ್ರೇ, "ಸರಿ, ಕೂತು ವಾಪಸ್ ಹಾಕೋಣ. ನನಗೆ ನೆನಪಿದ್ದಷ್ಟು ನಾನು, ನಿಮಗೆ ಅನ್ಸಿದಷ್ಟು ನೀವು" ಎಂದರು. ಹೀಗೆ ಎಂಟು ಮಧ್ಯಾಹ್ನ ಅವರಿಬ್ಬರೂ ಒಂದೇ ಮೇಜಿಗೆ ಕೂತರು. ಒಬ್ಬರೇ ಒಬ್ಬರು ಅಷ್ಟು ದಿನ ಸಾಲಾಗಿ ಅವಳ ಎದುರಿಗೆ ಕೂತದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಮೊದಲ ದಿನವೇ ಮೇಷ್ಟ್ರು ಲಿಫ್ಟಿನ ಕಥೆ ತೆಗೆದರು. ಹಳೇ ಕಟ್ಟಡವೊಂದರ ಲಿಫ್ಟು ದಿನಾ ಹನ್ನೊಂದಕ್ಕೆ ನಾಲ್ಕನೇ ಮಹಡಿಯಲ್ಲಿ ತಾನಾಗಿ ನಿಲ್ಲುತ್ತದೆ. ಹೊರಗೆ ಯಾರೂ ಇರುವುದಿಲ್ಲ. ಲಿಫ್ಟು ನಡೆಸುವವನು ಹೇಳುತ್ತಾನೆ: ‘ಯಾರೋ ಒಳಗೆ ಬಂದರೋ ಏನೋ, ಲಿಫ್ಟು ತುಸು ಕುಸಿಯಿತು.’ ಕರಡಿನಲ್ಲಿ ಅದು ‘ಯಾರೋ ಒಳಗೆ ಬಂದರು, ಲಿಫ್ಟು ತುಸು ಕುಸಿಯಿತು’ ಎಂದಾಗಿತ್ತು.

"ನೋಡಿ, ನೀವು ಮಾಡಿದ್ದು ದೆವ್ವದ ಕಥೆ. ದೆವ್ವ ಬಂತು, ಮುಗೀತು" ಎಂದರು ಮೇಷ್ಟ್ರು. "ಇನ್ನೊಬ್ಬ ಬಂದು, ಇಲ್ಲ, ಹಗ್ಗ ಸಡಿಲ ಆಗಿತ್ತು, ಅವನಿಗೆ ಭ್ರಮೆ ಅಂತ ಬರೆದ್ರೆ ಅದೂ ಮುಗೀತು. ಎರಡು ಮನೆ ಇವೆ ಅಂದ್ಕೊಳ್ಳಿ. ಒಂದು ಪವಾಡದ ಮನೆ, ಒಂದು ಭ್ರಮೆಯ ಮನೆ. ಯಾವುದಕ್ಕೆ ಹೊಕ್ಕರೂ ಆರಾಮ, ಕೂತ್ಕೋಬಹುದು. ನಾನು ಹೇಳೋ ಕಥೆ ಎರಡು ಬಾಗಿಲ ಮಧ್ಯೆ ನಿಂತಿರುತ್ತೆ, ಒಳಗೆ ಹೋಗಲ್ಲ. ಅದಕ್ಕೆ ನಾನಿಟ್ಟ ಹೆಸರು ಅನುಮಾನದ ಕಥೆ. ಅದನ್ನ ಅಲ್ಲಿ ನಿಲ್ಲಿಸಿರೋದು ಏನು ಹೇಳಿ? ಆ ಏನೋ."

ಚಹಾ ಕುಡಿಯಲು ಬಂದ ಯಜಮಾನರು ಗುರುಗಳನ್ನು ಮೆಚ್ಚಿಸಲು, "ಆ ಲಿಫ್ಟಲ್ಲಿ ಬರೋದು ನಮ್ಮ ಪಾಪದ ಭಾರದ ಸಂಕೇತ ಅಲ್ವಾ ಸಾರ್?" ಎಂದು ತಲೆದೂಗಿದರು. ಮೇಷ್ಟ್ರು ಕೆಂಡವಾದರು. "ಸಂಕೇತ ಅಂದ ತಕ್ಷಣ ನೀನು ತಪ್ಪಿಸ್ಕೊಂಡೆ ಕಣೋ. ಲಿಫ್ಟು ಲಿಫ್ಟೇ. ಕುಸಿದದ್ದು ನಿಜವಾಗಿ ಕುಸಿಯಿತು. ಯಾಕೆ ಅನ್ನೋದು ಗೊತ್ತಿಲ್ಲ. ಆ ಗೊತ್ತಿಲ್ಲದಿರೋದನ್ನ ತಡ್ಕೊಳ್ಳೋಕಾಗದೆ ಸಂಕೇತ ಅಂತೀಯ." ಯಜಮಾನರು ಚಹಾ ಅರ್ಧಕ್ಕೆ ಬಿಟ್ಟು ಹೋದರು.

ಕೆಲಸ ಸಾಗಿತು. ಮೇಷ್ಟ್ರು ಓದುವುದು, ಇಲ್ಲಿ ಇತ್ತಾ ಎಂದು ತಲೆ ಎತ್ತುವುದು. ಮೊದಮೊದಲು ಕತ್ತರಿಯಮ್ಮ ಹೆದರಿ ಹೆದರಿ ಹೇಳಿದಳು. ಮೂರನೇ ದಿನದ ಹೊತ್ತಿಗೆ ಅವಳೇ ಮುಂದಾಗಿ, ಇಲ್ಲಿ ಬೇಕು, ಇಲ್ಲಿ ಬೇಡ, ಇವನಿಗೆ ಖಂಡಿತ ಗೊತ್ತು, ಇವಳು ನೋಡಿದ್ದಾಳೆ ಆದರೆ ನಂಬಿಲ್ಲ ಎನ್ನತೊಡಗಿದಳು. ಮೇಷ್ಟ್ರು ಬೆರಗಾದರು. "ನನಗಿಂತ ನಿಮಗೇ ಚೆನ್ನಾಗಿ ಗೊತ್ತಾಗ್ತಿದೆಯಲ್ಲಮ್ಮ, ಎಲ್ಲಿ ಕಲಿತ್ರಿ?" ಎಂದು ಕೇಳಿದರು. ಅವಳು ಮುಂದಿನ ಹಾಳೆ ಎಳೆದುಕೊಂಡಳು. ಲೆಕ್ಕ ಹಾಕಿದ್ದರೆ ಮೊದಲಿದ್ದಕ್ಕಿಂತ ಒಂದಿಪ್ಪತ್ತು ಏನೋ ಹೆಚ್ಚೇ ಸೇರಿರಬಹುದು.

ಏಳನೇ ಮಧ್ಯಾಹ್ನ ಅವಳು ಪೆನ್ನು ಕೆಳಗಿಟ್ಟು ಕೇಳಿದಳು: "ಮೇಷ್ಟ್ರೇ, ಕಥೆ ಮುಗಿಯುತ್ತೆ. ಅದರಲ್ಲಿರೋ ಮನುಷ್ಯ ಎಷ್ಟು ದಿನ ಹಾಗೆ ಮಧ್ಯೆ ನಿಂತಿರಬಹುದು?"

"ಅದು ನನ್ನ ಪುಸ್ತಕದ ವಿಷಯ ಅಲ್ಲಮ್ಮ" ಎಂದು ಮೇಷ್ಟ್ರು ಹಾಳೆ ತಿರುವಿದರು. ಶಾಸ್ತ್ರಜ್ಞರ ಹಣೆಬರಹವೇ ಅಷ್ಟು. ಬೇಕಾದ ಪ್ರಶ್ನೆ ಬಂದಾಗ ಅದು ವಿಷಯಕ್ಕೆ ಹೊರಗಿರುತ್ತದೆ. ಆದರೆ ಮುದುಕರು ಒಳ್ಳೆಯವರು, ಸ್ವಲ್ಪ ಹೊತ್ತಿನ ಮೇಲೆ ತಾವಾಗಿ ಮಾತು ಮುಂದುವರಿಸಿದರು. "ಒಂದು ಮಾತು ಮಾತ್ರ ಬರೆದಿದ್ದೀನಿ, ಐದನೇ ಅಧ್ಯಾಯದಲ್ಲಿ. ಅನುಮಾನ ಪಾತ್ರ ಒಂದಕ್ಕೇ ಇದ್ರೆ ಸಾಲದು. ಓದೋರಿಗೂ ದಾಟ್ಬೇಕು. ಲಿಫ್ಟಿನವನು ಒಬ್ಬನೇ ಅನುಮಾನ ಪಡ್ತಾ ಇದ್ದು ನಾವೆಲ್ಲ ನಿಶ್ಚಿಂತೆಯಿಂದ ಇದ್ವಿ ಅಂದ್ರೆ, ಅದು ಅನುಮಾನದ ಕಥೆ ಅಲ್ಲ, ಒಬ್ಬ ರೋಗಿಯ ಕಥೆ ಅಷ್ಟೇ."

ಅವಳು ಹೂಂ ಎಂದಳು. ಆ ಸಂಜೆ ಹದಿನೇಳು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯಿತು. ರೋಗಿ ಎಂಬ ಪದ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಜೊತೆಗೇ ಬಂತು. ಇಪ್ಪತ್ತೊಂಬತ್ತು ವರ್ಷ ತಾನು ಇದನ್ನು ಅತ್ತಿಗೆಯ ಒಳ್ಳೆಯದಕ್ಕೆಂದು ಮುಚ್ಚಿಟ್ಟೆ ಎಂದು ಹೇಳಿಕೊಂಡಿದ್ದಳು. ನಿಜವಾಗಿ ಮುಚ್ಚಿಟ್ಟದ್ದು ಭಾನುವಾರವನ್ನು ಉಳಿಸಿಕೊಳ್ಳಲು. ಅಣ್ಣ ಇದ್ದರೂ ಇರಬಹುದು ಎಂದು ನೆನೆಯುವ ಹಕ್ಕು ತಂಗಿಗಿಂತ ಹೆಂಡತಿಗೆ ಹೆಚ್ಚು. ಆ ಹಕ್ಕನ್ನು ಅವಳು ಕತ್ತರಿಸಿ ಹಾಕಿದ್ದಳು.

ಆ ಭಾನುವಾರ ಊಟವಾಯಿತು. ಅತ್ತಿಗೆ ಮೊಣಕಾಲ ಮೇಲೆ ಯಾರದೋ ಕೋಟು ಹರವಿಕೊಂಡು ಗುಂಡಿ ಹಚ್ಚುತ್ತಿದ್ದಳು. ಕತ್ತರಿಯಮ್ಮ ಸೂಜಿಗೆ ದಾರ ಪೋಣಿಸಲು ನೋಡಿದಳು, ಮೂರು ಸಲ ತಪ್ಪಿತು.

"ಕಣ್ಣು ತೋರಿಸ್ಕೊಳ್ಳೇ, ದಿನಾ ಓದಿ ಓದಿ ಹಾಳ್ಮಾಡ್ಕೊಂಡಿದ್ದೀಯ."

"ಅತ್ತಿಗೆ, ಅವತ್ತು ಆಸ್ಪತ್ರೆಯಲ್ಲಿ ನೋಡಿದ್ದು ಅಣ್ಣನೋ ಏನೋ ಅನ್ನೋ ಹಾಗಿತ್ತು. ನಾನು ಹೌದು ಅಂದ್ಬಿಟ್ಟೆ."

ಅತ್ತಿಗೆ ಸೂಜಿ ಎಳೆದಳು, ಗಂಟು ಹಾಕಿದಳು, ದಾರ ಹಲ್ಲಲ್ಲಿ ಕಚ್ಚಿದಳು. ಆಮೇಲೆ ಕೇಳಿದಳು, "ಏನಂದೆ?"

ಅವಳು ಎಲ್ಲ ಹೇಳಿದಳು. ಮುಖ, ಅಂಗಿ, ಉಗುರು, ಎರಡು ಕಾಲಂ. ಹೇಳುವಾಗ ಒಂದು ಪದವನ್ನೂ ಬಿಡಲಿಲ್ಲ, ಒಂದನ್ನೂ ನೆಟ್ಟಗೆ ಮಾಡಲಿಲ್ಲ.

ಅತ್ತಿಗೆಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. "ನಾನು ನಿನ್ನ ಯಾಕೆ ಕಳಿಸ್ದೆ ಗೊತ್ತಾ? ನಾನು ಹೋಗಿದ್ರೆ ಅವರೇ ಆಗಿದ್ರೂ ಅಲ್ಲ ಅಂತಿದ್ದೆ. ನೀನು ಸುಳ್ಳು ಹೇಳಲ್ಲ ಅಂತ ಕಳಿಸ್ದೆ." ಕೋಟು ಜಾರಿ ನೆಲಕ್ಕೆ ಬಿತ್ತು. "ಅವರ ಬಟ್ಟೆ ಎಲ್ಲ ಕೊಟ್ಬಿಟ್ಟೆ. ಆ ಚೀಲ, ಆ ಕಲ್ಲು, ಒಂದೂ ಇಟ್ಕೊಳ್ಳಲಿಲ್ಲ. ಆ ಮನೆ ಬಿಟ್ಟು ಇಲ್ಲಿಗೆ ಬಂದೆ. ಬರ್ತಾ ಅಕ್ಕಪಕ್ಕದವರಿಗೆ ವಿಳಾಸ ಕೂಡ ಕೊಡ್ಲಿಲ್ಲ, ಯಾರು ಕೇಳ್ಕೊಂಡು ಬರ್ತಾರೆ ಅಂತ. ಬಂದು ಆ ಬಾಗಿಲು ತಟ್ಟಿ ಹೋದ್ರೋ ಏನೋ! ಈಗ ಆ ಬೀದಿನೇ ಇಲ್ಲ!"

"ಅತ್ತಿಗೆ..."

"ಯಾಕೆ ಹೇಳ್ದೆ ಈಗ? ನಾನು ನೆಮ್ಮದಿಯಾಗಿದ್ದೆ. ಎದ್ದು ಹೋಗು. ಹೋಗು ಅಂದೆ."

ಅವಳು ಎದ್ದಳು. ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ಮೆಟ್ಟಿಲಿಳಿಯುವಾಗ ಒಂದೇ ಯೋಚನೆ: ಮುಂದಿನ ಭಾನುವಾರ ಹತ್ತು ಗಂಟೆಗೆ ತಾನು ಎಲ್ಲಿರುವುದು? ಕೋಣೆಯಲ್ಲಿ ಮಂಚ, ಕುರ್ಚಿ, ಗೋಡೆಯಾಚೆಯ ರೇಡಿಯೋ. ಅಷ್ಟು ಬೇಗ ಅಳು ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಏಕೆಂದರೆ ಅಳಬೇಕಾದವಳು ಮೇಲಿದ್ದಳು. ಒಂದು ಮಹಡಿ ಇಳಿದು ಕಂಬಿ ಹಿಡಿದು ನಿಂತು ಕಣ್ಣೊರೆಸಿಕೊಂಡಳು.

ಮೇಲೆ ಬಾಗಿಲು ತೆಗೆದ ಸದ್ದಾಯಿತು. ಅತ್ತಿಗೆ ಕಂಬಿಯಿಂದ ಬಗ್ಗಿದ್ದಳು, ಕೈಯಲ್ಲಿ ಇನ್ನೂ ಸೂಜಿ.

"ಏನೇ," ಎಂದಳು ಅತ್ತಿಗೆ. "ನಿಮ್ಮಣ್ಣನಿಗೆ ಈಗ ಎಷ್ಟು ವಯಸ್ಸು?"

ಇದ್ದಿದ್ದರೆ ಎನ್ನಲಿಲ್ಲ. ಇಷ್ಟು ವರ್ಷಗಳಲ್ಲಿ ಅತ್ತಿಗೆ ಅವನ ಬಗ್ಗೆ ‘ಈಗ’ ಎಂಬ ಪದ ಬಳಸಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ಅರವತ್ತಾರು" ಎಂದಳು ಕತ್ತರಿಯಮ್ಮ. "ಬರೋ ತಿಂಗಳು ಅರವತ್ತೇಳು ತುಂಬುತ್ತೆ."

ಅತ್ತಿಗೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. "ಆ ಭಾರ ಹೊತ್ತು ಹೊತ್ತು ಸೊಂಟ ಹೋಗಿರುತ್ತೆ" ಎಂದಳು. "ಯಾರಾದ್ರೂ ಬಿಸಿನೀರು ಕಾಯಿಸಿ ಕೊಡೋರು ಇದ್ದಾರಾ ಇಲ್ವಾ."

ಕತ್ತರಿಯಮ್ಮ ಮತ್ತೆ ಮೆಟ್ಟಿಲು ಹತ್ತಿದಳು.